ಸೂರಿನ ಜೊತೆ ಆಸರೆಯೂ ಬೇಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮುನವಳ್ಳಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಪ್ರತಿ ವರ್ಷ ಈ ವೇದಿಕೆಯಿಂದ ನಾವು ಎಸ್.ಎಸ್.ಎಲ್.ಸಿ. ಫಲಿತಾಂಶದ ಬಗ್ಗೆ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ, ವಿದ್ಯಾರ್ಥಿ ವೇತನದ ಬಗ್ಗೆ ಮಾತನಾಡುತ್ತೇವೆ. ಮಾತನಾಡಲೇಬೇಕು. ಈ ಸಲ ಕಾರ್ಯದರ್ಶಿಗಳು ನನಗೆ ‘ಸಮಾಜ ಸೇವೆ ಮತ್ತು ನಾವು’ ಎಂಬ ವಿಷಯ ಕೊಟ್ಟಿದ್ದಾರೆ. ವಿಷಯ ಬಹಳ ದೊಡ್ಡದು. ನಾನು ಅದರಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಮನೆಯಿಲ್ಲದ ಮನುಷ್ಯನಿಗೆ ನಾವು ಏನನ್ನು ಕೊಡಬೇಕು? ಉತ್ತರ ಸುಲಭ, ಊಟ ಕೊಡಬೇಕು, ಬಟ್ಟೆ ಕೊಡಬೇಕು ಎಂದು ನೀವು ಹೇಳಬಹುದು. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ.

ನಮ್ಮ ಊರಿನ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಜ್ಜ ಇದ್ದರು. ನಿಮ್ಮಲ್ಲಿ ಅನೇಕರು ಅವರನ್ನು ನೋಡಿದ್ದೀರಿ. ಅಂಗಡಿ ಸಾಲಿನ ಕಟ್ಟೆಯ ಮೇಲೆ ಮಲಗುತ್ತಿದ್ದರು. ಕೆಲವು ದಿನ ಚೆನ್ನಾಗಿ ಮಾತನಾಡುತ್ತಿದ್ದರು, ಕೆಲವು ದಿನ ತಮ್ಮಷ್ಟಕ್ಕೆ ತಾವೇ ಏನೋ ಹೇಳಿಕೊಳ್ಳುತ್ತಿದ್ದರು. ಯಾರಿಗೂ ತೊಂದರೆ ಕೊಟ್ಟವರಲ್ಲ. ನಾವು ಕೆಲವು ಶಿಕ್ಷಕರು ಕೂಡಿ ಪ್ರತಿ ರಂಜಾನಿನಲ್ಲಿ ಅವರಿಗೆ ಒಂದು ಚಾದರ, ಒಂದು ಜೊತೆ ಬಟ್ಟೆ ಕೊಡುತ್ತಿದ್ದೆವು. ಹೀಗೆ ನಾಲ್ಕು ವರ್ಷ ಕೊಟ್ಟೆವು. ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಒಂದು ನಸುಕಿಗೆ ಫಜರ್ ನಮಾಜಿಗೆ ಹೋಗುವಾಗ ನೋಡಿದರೆ, ಅಜ್ಜ ಗೋಣಿಚೀಲ ಹೊದ್ದು ಮುದುಡಿ ಮಲಗಿದ್ದರು. ನನಗೆ ಸ್ವಲ್ಪ ಸಿಟ್ಟೇ ಬಂತು.

“ಅಜ್ಜಾರ, ಚಾದರ ಎಲ್ಲಿ ಹೋತ್ರಿ? ಮಾರಿದ್ರೇನ?” ಎಂದು ಕೇಳಿದೆ.

ಅವರು ಎದ್ದು ಕೂತು, “ಇಡೂದ ಎಲ್ಲಿ, ಮಾಸ್ತರ?” ಅಂದರು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನೀವೇ ವಿಚಾರ ಮಾಡಿ ನೋಡಿ. ಬೇಸಿಗೆಯಲ್ಲಿ ಕೊಟ್ಟ ಚಾದರವನ್ನು ಚಳಿಗಾಲದವರೆಗೆ ಕಾಯ್ದುಕೊಳ್ಳಲು ಒಂದು ಮೂಲೆಯಾದರೂ ಬೇಕಲ್ಲವೇ? ಮಳೆಗೆ ತೊಯ್ಯುತ್ತದೆ, ನಾಯಿ ಎಳೆಯುತ್ತದೆ, ಮಲಗಿದಾಗ ಮತ್ತೊಬ್ಬರು ಒಯ್ಯುತ್ತಾರೆ. ಮನೆಯಿಲ್ಲದವನಿಗೆ ಏನು ಕೊಟ್ಟರೂ ಅದು ಆ ದಿನದ ಮಟ್ಟಿಗೆ ಮಾತ್ರ ಅವನದು.

ಆಮೇಲೆ ನಾವು ಸ್ವಲ್ಪ ಹೆಚ್ಚು ಪ್ರಯತ್ನ ಮಾಡಿದೆವು. ಧಾರವಾಡಕ್ಕೆ ಕರೆದೊಯ್ದು ಮಾನಸಿಕ ರೋಗದ ವೈದ್ಯರಿಗೆ ತೋರಿಸಿದೆವು. ಅವರು ಸಮಾಧಾನದಿಂದ ಮಾತನಾಡಿಸಿ ಒಂದು ತಿಂಗಳ ಗುಳಿಗೆ ಕೊಟ್ಟರು. ಆರನೆಯ ದಿನ ಕೇಳಿದರೆ ಗುಳಿಗೆಯ ಚೀಲವೇ ಇರಲಿಲ್ಲ. ರೇಷನ್ ಕಾರ್ಡಿಗೆ ಅರ್ಜಿ ಬರೆಯಲು ಕೂತೆ. ಮನೆ ನಂಬರು, ಓಣಿ ಎಂಬ ಸಾಲಿಗೆ ಬಂದು ಪೆನ್ನು ನಿಂತಿತು. ದೊಡ್ಡ ಊರೊಂದರ ರಾತ್ರಿ ತಂಗುದಾಣದಲ್ಲಿ ಬಿಟ್ಟು ಬಂದೆವು. ಎಂಟು ದಿನಕ್ಕೆ ಅಜ್ಜ ಬಸ್ ಹತ್ತಿ ಮುನವಳ್ಳಿಗೆ ವಾಪಸು ಬಂದಿದ್ದರು. ಅಲ್ಲಿ ಮಲಗಲು ಜಾಗ ಇತ್ತು, ಆದರೆ ಬೆಳಗಾದರೆ ಹೊರಗೆ ಹೋಗಬೇಕು, ಗುರುತಿನ ಮುಖ ಒಂದೂ ಇಲ್ಲ. ಇಲ್ಲಾದರೆ ಚಹಾದ ಅಂಗಡಿಯವರು ಹೆಸರಿಲ್ಲದಿದ್ದರೂ ‘ಅಜ್ಜಾರ’ ಎಂದು ಕರೆದು ಒಂದು ಕಪ್ ಚಹಾ ಕೊಡುತ್ತಾರೆ.

ಒಂದು ದಿನ ಕಟ್ಟೆ ಖಾಲಿ ಇತ್ತು. ಎರಡು ದಿನ ನೋಡಿದೆವು, ನಾಲ್ಕು ದಿನ ನೋಡಿದೆವು. ಕೊನೆಗೆ ಪೊಲೀಸ್ ಠಾಣೆಗೆ ಹೋಗಿ ಹೇಳಿದೆವು. ಅಲ್ಲಿಯವರು ಸಹಜವಾಗಿಯೇ ಕೇಳಿದರು, “ಹೆಸರೇನು? ವಯಸ್ಸೆಷ್ಟು? ಯಾವ ಊರು? ಫೋಟೋ ಇದೆಯೇ?” ನಾಲ್ಕು ವರ್ಷ ಚಾದರ ಕೊಟ್ಟ ನಮ್ಮಲ್ಲಿ ಒಬ್ಬರಿಗೂ ಅವರ ಹೆಸರು ಖಚಿತವಾಗಿ ಗೊತ್ತಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಒಂದು ಹೆಸರು ಹೇಳಿದ್ದರು, ಬೇರೊಮ್ಮೆ ಬೇರೆ ಹೆಸರು ಹೇಳಿದ್ದರು. ಒಂದು ನಮ್ಮವರ ಹೆಸರು, ಇನ್ನೊಂದು ಹಿಂದೂ ಬಾಂಧವರ ಹೆಸರು. ಅವರು ಇಂದಿಗೂ ಸಿಕ್ಕಿಲ್ಲ. ಇದನ್ನು ನಾನು ಯಾರ ಮೇಲೂ ತಪ್ಪು ಹೊರಿಸಲು ಹೇಳುತ್ತಿಲ್ಲ. ನನ್ನ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಲು ಹೇಳುತ್ತಿದ್ದೇನೆ. ನಾವು ವಸ್ತು ಕೊಟ್ಟೆವು, ಜೊತೆ ಕೊಡಲಿಲ್ಲ.

ಬಂಧುಗಳೇ, ಇದು ಒಬ್ಬ ಅಜ್ಜನ ಕಥೆ ಅಷ್ಟೇ ಅಲ್ಲ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ರಸ್ತೆ ಬದಿ, ರೈಲು ನಿಲ್ದಾಣ, ಗುಡಿ ಮಸೀದಿಗಳ ಅಂಗಳ, ಸೇತುವೆಯ ಕೆಳಗೆ, ದೊಡ್ಡ ಸಿಮೆಂಟ್ ಕೊಳವೆಗಳ ಒಳಗೆ ಮಲಗಿದವರನ್ನು ಎಣಿಸಿದರು. ಆ ಎಣಿಕೆಯಲ್ಲೂ ಅನೇಕರು ಬಿಟ್ಟುಹೋಗಿರುತ್ತಾರೆ. ಆದರೂ ದೇಶದಲ್ಲಿ 17 ಲಕ್ಷ 70 ಸಾವಿರಕ್ಕೂ ಹೆಚ್ಚು ಜನ, ನಮ್ಮ ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಸೂರಿಲ್ಲದವರು ಎಂದು ಲೆಕ್ಕ ಸಿಕ್ಕಿತು. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹಳ್ಳಿಗಾಡಿನವರು. ಇದು ಬೆಂಗಳೂರು, ಮುಂಬಯಿಯ ಸಮಸ್ಯೆ, ನಮಗೇನು ಸಂಬಂಧ ಎನ್ನುವಂತಿಲ್ಲ.

ಇನ್ನು ಮನೆ ಕಳೆದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಮಲಪ್ರಭೆಯ ದಂಡೆಯ ಮೇಲಿರುವ ನಮಗೆ ಯಾರೂ ಕಲಿಸಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ನವಿಲುತೀರ್ಥದಿಂದ ನೀರು ಬಿಟ್ಟರು, ಹೊಳೆ ಊರೊಳಗೆ ಬಂತು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಉಂಡುಟ್ಟು ಇದ್ದವರು ಗಂಜಿ ಕೇಂದ್ರದಲ್ಲಿ ತಾಟು ಹಿಡಿದು ನಿಂತಿದ್ದರು. ನಾನು ಪಾಠ ಮಾಡುತ್ತಿದ್ದ ಕೋಣೆಯಲ್ಲೇ ಸಂಸಾರಗಳು ಮಲಗಿದ್ದವು. ಜಾತಿ ಯಾವುದು, ಜಮಾತ್ ಯಾವುದು ಎಂದು ಆಗ ಯಾರೂ ಕೇಳಲಿಲ್ಲ. ಆ ಹದಿನೈದು ದಿನ ನಮ್ಮ ಊರು ಬಹಳ ಒಳ್ಳೆಯ ಊರಾಗಿತ್ತು.

ನೀರು ಇಳಿದ ಮೇಲೆ ಏನಾಯಿತು? ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಘೋಷಿಸಿತು. ಅದು ಒಳ್ಳೆಯ ಕೆಲಸ. ಆದರೆ ಹಣ ಮನೆಯ ಮಾಲೀಕರಿಗೆ. ಬಾಡಿಗೆಗೆ ಇದ್ದವರಿಗೆ ತೋರಿಸಲು ಉತಾರ ಎಲ್ಲಿಂದ ಬರಬೇಕು? ನನ್ನ ವರ್ಗದಲ್ಲಿ ಉರ್ದು, ಕನ್ನಡ ಎರಡನ್ನೂ ಅಂದವಾಗಿ ಬರೆಯುತ್ತಿದ್ದ ಒಬ್ಬ ಹುಡುಗಿ ಇದ್ದಳು. ಅವರದು ಬಾಡಿಗೆ ಮನೆ. ಶಾಲೆ ಮತ್ತೆ ಸುರುವಾಗಬೇಕೆಂದು ನಾವೇ ಕೋಣೆ ಖಾಲಿ ಮಾಡಿಸಿದೆವು. ಕೆಲವು ದಿನ ಸಂಬಂಧಿಕರ ಪಡಸಾಲೆಯಲ್ಲಿ ಇದ್ದು, ಆಮೇಲೆ ಅವರ ಕುಟುಂಬ ದುಡಿಯಲು ಗೋವಾಕ್ಕೆ ಹೋಯಿತು. ಹುಡುಗಿಯ ವರ್ಗಾವಣೆ ಪತ್ರ ಕೇಳಲು ಯಾರೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಶಾಲೆ ಬಿಟ್ಟವಳು’ ಎಂದು ಬರೆದವನು ನಾನೇ. ಆಕೆ ಶಾಲೆ ಬಿಡಲಿಲ್ಲ, ಮನೆ ಆಕೆಯನ್ನು ಬಿಟ್ಟಿತು. ವಿದ್ಯಾಸಂಸ್ಥೆಗೆ ಮನೆಯ ವಿಚಾರ ಏಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಹಾಗಾದರೆ ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2010ರಲ್ಲಿ ಸುಪ್ರೀಂ ಕೋರ್ಟು ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲು ರಾತ್ರಿ ತೆರೆದಿರುವ ತಂಗುದಾಣ ಬೇಕೆಂದು ಹೇಳಿತು. 2013ರಲ್ಲಿ ಆರಂಭವಾಗಿ 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇಂಥ ತಂಗುದಾಣಗಳಿಗೆ ಹಣ ಇತ್ತು, ಒಬ್ಬೊಬ್ಬರಿಗೆ 50 ಚದರ ಅಡಿ ಜಾಗ ಎಂಬ ಅಳತೆಯೂ ಇತ್ತು. ಆದರೆ ಲಕ್ಷಕ್ಕೆ ಒಂದು ಎಂಬ ಲೆಕ್ಕದಲ್ಲಿ ಮುನವಳ್ಳಿ, ಸವದತ್ತಿ, ಬೈಲಹೊಂಗಲದಂಥ ಊರುಗಳಿಗೆ ಪಾಲು ಎಷ್ಟು ಬಂದೀತು?

ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ, ಅಂದರೆ ನಾವು ಘರಪಟ್ಟಿ ಎನ್ನುತ್ತೇವಲ್ಲ ಅದರ ಜೊತೆ, ಶೇಕಡಾ 3ರಷ್ಟು ಭಿಕ್ಷುಕರ ಉಪಕರ ತೆಗೆದುಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ರಸೀದಿ ತೆಗೆದು ನೋಡಿ. ಅಂದರೆ ಮನೆಯಿಲ್ಲದವನ ಹೆಸರಿನಲ್ಲಿ ಮನೆ ಇರುವ ನಾವೆಲ್ಲರೂ ಈಗಾಗಲೇ ಹಣ ಕೊಡುತ್ತಲೇ ಇದ್ದೇವೆ. ಈ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. ಆದರೆ 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿ ಇಡೀ ರಾಜ್ಯವನ್ನು ನಾಚಿಸಿತು. ಅಲ್ಲಿ ಸೂರು ಇತ್ತು, ಊಟವೂ ಇತ್ತು. ಆದರೆ ಬೀಗ ಹೊರಗಿನಿಂದ ಇತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂಬುದರ ಮೇಲೆ ಅದು ಮನೆಯೋ ಬಂದೀಖಾನೆಯೋ ಎಂಬುದು ನಿರ್ಧಾರವಾಗುತ್ತದೆ.

ಬರೀ ಗೋಡೆ ಕಟ್ಟಿಕೊಟ್ಟರೂ ಸಾಲುವುದಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಎಂಬ ಯೋಜನೆ ಬಂತು. ದಾನಿಗಳೂ ಮಠಗಳೂ ಕಂಪನಿಗಳೂ ಸರ್ಕಾರದ ಜೊತೆ ಸೇರಿ ನದಿಯಿಂದ ದೂರ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಹಲವು ಕಡೆ ಜನ ಅಲ್ಲಿಗೆ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ನೀರಿಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಮನೆಗಳ ಸುತ್ತ ಜಾಲಿ ಬೆಳೆಯಿತು.

ಈ ಪ್ರಶ್ನೆಗೆ ಜಗತ್ತಿನಲ್ಲಿ ಬೇರೆಯವರು ಹೇಗೆ ಉತ್ತರ ಹುಡುಕಿದರು ಎಂಬುದನ್ನು ಈಗ ನೋಡೋಣ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಹಳೆಯ ಪದ್ಧತಿಯನ್ನು ತಿರುವುಮುರುವು ಮಾಡಿದರು. ಅಲ್ಲಿಯವರೆಗೆ ‘ಮೊದಲು ಕುಡಿತ ಬಿಡು, ಔಷಧ ತೆಗೆದುಕೋ, ಸರಿಯಾಗು, ಆಮೇಲೆ ಮನೆ ಕೊಡುತ್ತೇವೆ’ ಎನ್ನುತ್ತಿದ್ದರು. ಇವರು ‘ಮೊದಲು ಮನೆ ತೆಗೆದುಕೋ, ಉಳಿದದ್ದನ್ನು ಜೊತೆಗೂಡಿ ನೋಡೋಣ’ ಎಂದರು. ಬಾಡಿಗೆ ಕರಾರು, ಬೀಗದ ಕೈ ಆ ಮನುಷ್ಯನ ಕೈಯಲ್ಲಿ. ವೈದ್ಯರು, ಸಮಾಜ ಕಾರ್ಯಕರ್ತರು ಅವನ ಮನೆಗೇ ಹೋಗಿ ನೋಡಿಕೊಳ್ಳುತ್ತಾರೆ. ಇದಕ್ಕೆ ‘ಹೌಸಿಂಗ್ ಫಸ್ಟ್’ ಎಂದು ಹೆಸರಾಯಿತು. ಕೆನಡಾ ದೇಶ 2009ರಿಂದ ಐದು ನಗರಗಳಲ್ಲಿ ಸುಮಾರು ಎರಡು ಸಾವಿರ ಜನರ ಮೇಲೆ ಇದನ್ನು ಪರೀಕ್ಷಿಸಿ ನೋಡಿತು. ಮೊದಲು ಮನೆ ಸಿಕ್ಕವರೇ ಹೆಚ್ಚು ಕಾಲ ಮನೆಯಲ್ಲಿ ನೆಲೆ ನಿಂತರು.

ಫಿನ್ಲೆಂಡ್ ಚಳಿಯ ದೇಶ. ಅಲ್ಲಿ 1987ರಲ್ಲಿ ಸುಮಾರು 18 ಸಾವಿರ ಜನ ಮನೆಯಿಲ್ಲದವರಿದ್ದರು. 2008ರಿಂದ ಅವರು ಈ ಪದ್ಧತಿಯನ್ನು ದೇಶದ ನೀತಿಯಾಗಿಯೇ ಹಿಡಿದರು. ರಾಜಧಾನಿ ಹೆಲ್ಸಿಂಕಿಯಲ್ಲಿ 250 ಹಾಸಿಗೆಗಳ ಒಂದು ಹಳೆಯ ತಂಗುದಾಣವನ್ನು ಒಡೆದು ಸುಮಾರು 80 ಸಣ್ಣ ಮನೆಗಳನ್ನಾಗಿ ಮಾಡಿದರು. ಪ್ರತಿಯೊಂದಕ್ಕೂ ಬೇರೆ ಬಾಗಿಲು, ಬೇರೆ ಬೀಗ. ನೋಡಿಕೊಳ್ಳುವ ಸಿಬ್ಬಂದಿ ಅದೇ ಕಟ್ಟಡದಲ್ಲಿ. 2023ರ ಹೊತ್ತಿಗೆ ದೇಶದ ಆ ಸಂಖ್ಯೆ ಸುಮಾರು 3,400ಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಸ್ವಲ್ಪ ಏರಿದೆ ಎಂಬುದನ್ನೂ ಹೇಳಬೇಕು. ಕೈ ಬಿಟ್ಟರೆ ಇದು ಮತ್ತೆ ಬೆಳೆಯುವ ಕಷ್ಟವೇ.

ಅವರು ಶ್ರೀಮಂತರು, ನಮ್ಮಿಂದ ಆಗುತ್ತದೆಯೇ ಎನ್ನಬಹುದು. ಪಕ್ಕದ ತಮಿಳುನಾಡಿನಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಚೆನ್ನೈನಲ್ಲಿ ‘ದಿ ಬ್ಯಾನಿಯನ್’ ಎಂಬ ಸಂಸ್ಥೆ ಆರಂಭಿಸಿದರು. ಅನೇಕರು ಗುಣವಾಗಿ ಮನೆಗೆ ಹೋದರು. ಹೋಗಲು ಮನೆಯೇ ಇಲ್ಲದವರು ವರ್ಷಗಟ್ಟಲೆ ಸಂಸ್ಥೆಯಲ್ಲೇ ಉಳಿದರು. ಅಂಥವರಿಗಾಗಿ 2015ರಿಂದ ‘ಹೋಮ್ ಅಗೇನ್’ ಎಂಬ ಕೆಲಸ ನಡೆಯಿತು. ಸಾಮಾನ್ಯ ಓಣಿಗಳಲ್ಲಿ ಸಾಮಾನ್ಯ ಬಾಡಿಗೆ ಮನೆ. ನಾಲ್ಕೈದು ಜನ ಒಟ್ಟಿಗೆ ವಾಸ, ತಾವೇ ಅಡುಗೆ, ತಾವೇ ಸಂತೆ. ನೆರವಿಗೆ ಒಬ್ಬ ಸಹಾಯಕಿ. ಇದಕ್ಕೆ ಬೇಕಾದದ್ದು ಒಂದು ಬಾಡಿಗೆ ಮನೆ ಮತ್ತು ಒಬ್ಬ ತಾಳ್ಮೆಯ ಮನುಷ್ಯ. ಇದನ್ನೇ ನಾನು ‘ಆಸರೆ ಸಹಿತ ವಸತಿ’ ಎಂದು ಕರೆಯುತ್ತೇನೆ.

ವಿದ್ಯಾರ್ಥಿಗಳೇ, ಈ ವಿಚಾರ ನಮಗೆ ಹೊಸದೂ ಅಲ್ಲ. ಮಕ್ಕಾದಿಂದ ಮನೆಮಠ ಬಿಟ್ಟು ಮದೀನಾಕ್ಕೆ ಬಂದ ಮುಹಾಜಿರರನ್ನು ಪ್ರವಾದಿಯವರು (ಸ) ಹೇಗೆ ನೆಲೆಗೊಳಿಸಿದರು? ಒಬ್ಬೊಬ್ಬ ಮುಹಾಜಿರನಿಗೆ ಒಬ್ಬೊಬ್ಬ ಅನ್ಸಾರಿಯನ್ನು ಸಹೋದರನನ್ನಾಗಿ ಮಾಡಿಕೊಟ್ಟರು. ಬರೀ ಜಾಗವನ್ನಲ್ಲ, ಜೊತೆಯನ್ನು ಕೊಟ್ಟರು. ಯಾರೂ ಇಲ್ಲದ ಬಡವರಿಗೆ ಮಸೀದಿಯಲ್ಲಿಯೇ ಖರ್ಜೂರದ ಗರಿ ಹೊದಿಸಿದ ಒಂದು ಕಟ್ಟೆ ಇತ್ತು. ಅದೇ ಸುಫ್ಫಾ. ಅಲ್ಲಿಯವರಿಗೆ ಊಟವನ್ನು ಊರಿನವರು ಹಂಚಿಕೊಂಡಿದ್ದರು. ಹಜ್ರತ್ ಉಬಾದಾ ಬಿನ್ ಸಾಮಿತ್ ಅವರು ಅವರಿಗೆ ಬರೆಯುವುದನ್ನು ಕಲಿಸುತ್ತಿದ್ದರು. ಹದೀಸುಗಳನ್ನು ಎಲ್ಲರಿಗಿಂತ ಹೆಚ್ಚು ನಮಗೆ ತಲುಪಿಸಿದ ಹಜ್ರತ್ ಅಬೂ ಹುರೈರಾ ಅವರು ಇದೇ ಕಟ್ಟೆಯ ಮೇಲೆ ಹಸಿದು ಮಲಗಿದವರು. ಸೂರು, ಅನ್ನ, ಅಕ್ಷರ ಮೂರೂ ಒಂದೇ ಕಡೆ. ನಮ್ಮ ನಾಡಿನ ದಾಸೋಹದ ಪರಂಪರೆಯೂ ಇದೇ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗಾ ಮಠದ ವಿದ್ಯಾರ್ಥಿ ನಿಲಯ ಎಷ್ಟು ಬಡ ಮಕ್ಕಳನ್ನು ದಡ ಮುಟ್ಟಿಸಿಲ್ಲ!

ಈ ಮಾತನ್ನು ಕೆಲವು ಸದಸ್ಯರ ಮುಂದೆ ಮೊದಲೇ ಇಟ್ಟಾಗ ಮೂರು ಆಕ್ಷೇಪಗಳು ಬಂದವು. ‘ಸುಮ್ಮನೆ ಮನೆ ಕೊಟ್ಟರೆ ಸೋಮಾರಿಗಳಾಗುತ್ತಾರೆ’ ಎಂಬುದು ಮೊದಲನೆಯದು. ಸ್ನಾನಕ್ಕೆ ಜಾಗವಿಲ್ಲದವನಿಗೆ ಯಾರು ಕೂಲಿ ಕೊಡುತ್ತಾರೆ? ರಾತ್ರಿಯಿಡೀ ನಾಯಿ ಕಾಯ್ದವನು ಹಗಲು ಹೇಗೆ ದುಡಿಯುತ್ತಾನೆ? ‘ನಮ್ಮ ಜನಕ್ಕೆ ಮಾತ್ರ ಮಾಡೋಣ’ ಎಂಬುದು ಎರಡನೆಯದು. ಕಟ್ಟೆಯ ಅಜ್ಜ ನಮ್ಮವರೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಚಳಿ ಕಡಿಮೆಯಾಗುತ್ತಿತ್ತೇ? ಜಕಾತಿನ ಹಣಕ್ಕೆ ಅದರದೇ ನಿಯಮಗಳಿವೆ, ಅದನ್ನು ಉಲೆಮಾಗಳನ್ನು ಕೇಳಿಯೇ ಖರ್ಚು ಮಾಡೋಣ. ಸದ್ಕಾ, ಚಂದಾ ಹಣಕ್ಕೆ ಆ ಗೆರೆ ಬೇಡ. ‘ಇದು ಸರ್ಕಾರದ ಕೆಲಸ’ ಎಂಬುದು ಮೂರನೆಯದು. ನಿಜ. ಆದರೆ ಸರ್ಕಾರದ ಕೆಲಸವನ್ನು ಸರ್ಕಾರದಿಂದ ಮಾಡಿಸುವುದಕ್ಕೂ ಒಬ್ಬರು ಜೊತೆಯಲ್ಲಿ ನಿಲ್ಲಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನು ನಾವೂ ತಡವಾಗಿ ತಿಳಿದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ದಿಕ್ಕಿಲ್ಲದೆ ಅಲೆಯುವ ಮಾನಸಿಕ ರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ, ಅವನ ಮನೆಯವರನ್ನು ಹುಡುಕುವುದೂ ಅವರ ಹೊಣೆ. ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸುವಂತಿಲ್ಲ, ಸಮಾಜದ ನಡುವೆ ಬಾಳುವ ಹಕ್ಕು ಅವನಿಗಿದೆ. ಮನೆಯಿಲ್ಲದವನಿಗೂ ಮತದಾನದ ಹಕ್ಕಿದೆ. ಚುನಾವಣಾ ಆಯೋಗದ ಸೂಚನೆಯಂತೆ ವಿಳಾಸದ ಕಾಗದ ಬೇಕಿಲ್ಲ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೋಗಿ, ಅವನು ಅಲ್ಲೇ ಮಲಗುತ್ತಾನೆ ಎಂಬುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಮನಸ್ಸಿನ ಕಾಯಿಲೆಗೆ ಸಲಹೆ ಬೇಕಾದರೆ 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಬಹುದು. ಇವನ್ನೆಲ್ಲ ತಿಳಿದವರು ಹೇಳದಿದ್ದರೆ ತಿಳಿಯದವರಿಗೆ ಹೇಗೆ ದಕ್ಕೀತು?

ಆದ್ದರಿಂದ ಸಂಘದ ಮುಂದೆ ನನ್ನ ವಿನಂತಿ ಇಷ್ಟೇ. ದೊಡ್ಡ ಕಟ್ಟಡ ಬೇಡ, ಕಲ್ಲು ಹಾಕುವ ಸಮಾರಂಭ ಬೇಡ. ಈ ವರ್ಷ ಒಂದೇ ಒಂದು ಕೋಣೆ ಬಾಡಿಗೆಗೆ ಹಿಡಿಯೋಣ. ಬಸ್ ನಿಲ್ದಾಣ, ದವಾಖಾನೆ ಹತ್ತಿರ ಇರಲಿ. ನೂರು ಸದಸ್ಯರು ತಿಂಗಳಿಗೆ ಮೂವತ್ತು ರೂಪಾಯಿ ಕೊಟ್ಟರೆ ಮೂರು ಸಾವಿರ ರೂಪಾಯಿ ಆಗುತ್ತದೆ. ಬೀಗದ ಕೈ ಅಲ್ಲಿ ಇರುವವರ ಕೈಯಲ್ಲೇ ಇರಲಿ. ವಾರಕ್ಕೆ ಎರಡು ಸಲ ಒಬ್ಬ ಸದಸ್ಯರು ಹೋಗಿ ಮಾತನಾಡಿಸಿ ಬರಲಿ, ಗುಳಿಗೆ ನೋಡಲಿ. ನಿವೃತ್ತ ಶಿಕ್ಷಕರು ಈ ಕೆಲಸಕ್ಕೆ ಬಹಳ ಯೋಗ್ಯರು. ಆಧಾರ್, ರೇಷನ್ ಕಾರ್ಡು, ಅರವತ್ತೈದು ದಾಟಿದವರಾದರೆ ಸಂಧ್ಯಾ ಸುರಕ್ಷಾ ಪಿಂಚಣಿ, ಇವುಗಳ ಅರ್ಜಿಯನ್ನು ಕಾಲೇಜು ವಿದ್ಯಾರ್ಥಿಗಳು ಬರೆದುಕೊಡಲಿ. ಮಳೆಗಾಲದಲ್ಲಿ ಬಾಡಿಗೆ ಮನೆ ಕಳೆದುಕೊಂಡ ಕುಟುಂಬ ಬಂದರೆ, ಮಗುವಿನ ಪರೀಕ್ಷೆ ಮುಗಿಯುವವರೆಗಾದರೂ ಅದೇ ಊರಿನಲ್ಲಿ ಇರುವಂತೆ ನೆರವಾಗೋಣ. ಪುರಸಭೆಗೆ ಹೋಗಿ, ನಮ್ಮ ಘರಪಟ್ಟಿಯ ಜೊತೆ ತೆಗೆದುಕೊಂಡ ಭಿಕ್ಷುಕರ ಉಪಕರ ಎಲ್ಲಿ ಹೋಗುತ್ತದೆ ಎಂದು ವಿನಯದಿಂದ ಕೇಳೋಣ.

ಇದು ಒಂದೇ ವರ್ಷದಲ್ಲಿ ಫಲ ಕೊಡುವ ಕೆಲಸ ಅಲ್ಲ. ಕೋಣೆ ಕೊಟ್ಟವರು ಬಿಟ್ಟು ಹೋಗಬಹುದು, ಮತ್ತೆ ಬರಬಹುದು. ನೆರೆಹೊರೆಯವರು ತಕರಾರು ಮಾಡಬಹುದು. ಗಣಿತದಲ್ಲಿ ಒಂದು ಸಲ ನಪಾಸಾದ ಹುಡುಗನನ್ನು ನಾವು ಶಾಲೆಯಿಂದ ಹೊರಗೆ ಹಾಕುವುದಿಲ್ಲವಲ್ಲ, ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು.

ವಿದ್ಯಾರ್ಥಿ ಮಿತ್ರರೇ, ನಿಮಗೆ ನನ್ನದೊಂದು ಮನೆಪಾಠ. ನಾಳೆ ಶಾಲೆಗೆ ಬರುವಾಗ ದಾರಿಯಲ್ಲಿ ಸೂರಿಲ್ಲದವರು ಯಾರಾದರೂ ಕಂಡರೆ ದೊಡ್ಡವರ ಜೊತೆ ಹೋಗಿ ಮಾತನಾಡಿಸಿ. ಅವರ ಹೆಸರು ಕೇಳಿ, ಊರು ಕೇಳಿ. ಒಂದು ಹಾಳೆಯಲ್ಲಿ ಬರೆದು ನನಗೆ ತಂದು ಕೊಡಿ. ನಾಲ್ಕು ವರ್ಷ ಚಾದರ ಕೊಟ್ಟರೂ ನಿಮ್ಮ ಮಾಸ್ತರ ಮಾಡದೇ ಉಳಿದ ಕೆಲಸ ಅದು.

 ಈ ಸಣ್ಣ ಕೆಲಸವನ್ನು ಆರಂಭಿಸಿ ಮುಂದುವರಿಸುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.

ಖುದಾ ಹಾಫಿಜ್. ಶುಭವಾಗಲಿ.